ಹಗೇವಿನ ತಾಮ್ರ ನಿಮ್ಮ ಕಿಟಕಿಗೆ ಬಂದ ಬಗೆ

ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ಪರಿಶೀಲನೆಗೆಂದು ನೀವು ತರಿಸಿಕೊಂಡ ಹನ್ನೆರಡು ತಾಮ್ರದ ತಟ್ಟೆಗಳು ಐದು ತಿಂಗಳು ನಿಮ್ಮ ಕಚೇರಿಯ ಕಿಟಕಿಯಲ್ಲಿ ಕೂತು ಕೆಟ್ಟವು. ಜೊತೆಗೆ ನನ್ನ ವಿದ್ಯಾರ್ಥಿನಿ ರೇಣುಕಾಳ ಮೂರು ವರ್ಷದ ಕೆಲಸವೂ ಕೆಟ್ಟಿತು. ತಾಮ್ರವೂ ಕೆಡುತ್ತದೆಯೇ ಎಂದು ನಿಮ್ಮ ಗುಮಾಸ್ತರು ನಕ್ಕರಂತೆ. ಕೆಡುತ್ತದೆ. ವಿಶ್ವದ ಬಹುಪಾಲು ದ್ರವ್ಯ ಯಾರ ಕಣ್ಣಿಗೂ ಬೀಳದ ಕಪ್ಪು ದ್ರವ್ಯ. ಅದನ್ನು ಹುಡುಕುವ ಉಪಕರಣಗಳಿಗೆ ಅತಿ ಶುದ್ಧ ತಾಮ್ರದ ಕವಚ ಬೇಕು. ಆಕಾಶದಿಂದ ಸುರಿಯುವ ವಿಶ್ವಕಿರಣ ತಗಲಿದರೆ ಆ ತಾಮ್ರವೇ ವಿಕಿರಣ ಸೂಸತೊಡಗುತ್ತದೆ, ಹುಡುಕುವ ಸುಳಿವು ಆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಎಷ್ಟು ಆಳದ ನೆಲದಡಿ ಇಟ್ಟರೆ ತಾಮ್ರ ಉಳಿದೀತು ಎಂಬುದೇ ರೇಣುಕಾಳ ಸಂಶೋಧನೆ.

ನಮಗೆಲ್ಲಿಯ ಗಣಿ? ಕಳ್ಳಕವಟಗಿಯಲ್ಲಿ ಅವಳ ಅಜ್ಜಿ ಮಲಕವ್ವನ ಹಗೇವು, ಜೋಳ ತುಂಬಿಡುವ ಹದಿನೈದು ಅಡಿಯ ನೆಲಗುಳಿ, ಖಾಲಿಯಿತ್ತು. ರಸಾಯನಶಾಸ್ತ್ರದ ಸಬೀರಾ ಮೇಡಂ ತಾಮ್ರ ಶುದ್ಧ ಮಾಡಿಕೊಟ್ಟರು, ಭೌತಶಾಸ್ತ್ರದ ನಾನು ಲೆಕ್ಕ ಹಾಕಿದೆ. ಮಳೆಯ ಹಸಿ ಎಲ್ಲಿಯವರೆಗೆ ಇಳಿಯುತ್ತದೆಂದು ಯಾವ ಶಾಸ್ತ್ರವನ್ನೂ ಓದದ ಅಜ್ಜಿ ಹೇಳಿದರು. ಕಂದೀಲು ಇಳಿಸಿ, ಅದು ಆರಲಿಲ್ಲವೆಂದು ಖಾತ್ರಿಯಾದ ಮೇಲೆಯೇ ತಟ್ಟೆಗಳನ್ನು ಇಡಲು ಮೊಮ್ಮಗಳನ್ನು ಒಳಗೆ ಬಿಟ್ಟರು. "ಹಗೇವಿನ ಬಾಯಿ ತಗದ ಮ್ಯಾಲ ಗಾಳಿ ಆಡಾಕ ಬಿಡಬೇಕ್ರಿ ಸರ. ಅವಸರ ಮಾಡಿದವರು ಮ್ಯಾಲ ಬಂದಿಲ್ಲ," ಎಂದರು.

ದೇವರು ಕೊಟ್ಟರೂ ಪೂಜಾರಿ ಕೊಡ. ನಿಮ್ಮ ಸಮಿತಿಯದು ಒಂದೇ ಪ್ರಶ್ನೆ: ಇದು ಯಾವ ವಿಭಾಗ? ರಸಾಯನವಾದರೆ ಮಾರ್ಗದರ್ಶಕ ಭೌತಶಾಸ್ತ್ರದವನೇಕೆ? ಭೌತಶಾಸ್ತ್ರವಾದರೆ ಅರ್ಜಿಯಲ್ಲಿ ಹಗೇವೇಕೆ? ಕಡತ ನಾಲ್ಕು ಮೇಜು ಸುತ್ತಿ, ಪದಾರ್ಥಗಳನ್ನು ಖುದ್ದು ಹಾಜರುಪಡಿಸಿ ಎಂಬ ಪತ್ರವಾಗಿ ಹೊರಬಂತು. ಕಪ್ಪು ದ್ರವ್ಯವನ್ನೇ ಹಾಜರುಪಡಿಸಿ ಎನ್ನಲಿಲ್ಲ, ಅದೇ ನಮ್ಮ ಪುಣ್ಯ.

"ಬ್ಯಾಡ್ರಿ ಸರ, ಅವರನ್ನ ಇಲ್ಲಿಗೇ ಕರಸ್ರಿ," ಎಂದಳು ರೇಣುಕಾ.

"ಎರಡ ದಿನದ ಮಾತವ್ವಾ. ಸಹಿ ಆದ್ರ ಸಾಕು," ಎಂದವನು ನಾನು. ಬಸ್ಸಿನಲ್ಲಿ ತಂದು ನಿಮ್ಮ ಮೇಜಿಗೆ ಒಪ್ಪಿಸಿದವನೂ ನಾನೇ. ನಿಮ್ಮ ಮುದ್ರೆಗೆ ಹೆದರಿ, ಇಪ್ಪತ್ತು ವರ್ಷ ಪಾಠ ಹೇಳಿದ ಶಾಸ್ತ್ರವನ್ನೇ ಬದಿಗಿಟ್ಟೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮರುದಿನದಿಂದ ವಾರಕ್ಕೊಮ್ಮೆ ಬಂದು ಕೇಳಿದೆ. ಸಮಿತಿ ಇನ್ನೂ ಕೂಡಿಲ್ಲ ಎಂಬ ಉತ್ತರ ಮಾತ್ರ ತಪ್ಪಲಿಲ್ಲ.

ಈಗ ಅವಳಿಗೆ ನಿಮ್ಮ ನೋಟಿಸು ಬಂದಿದೆ: ಫಲಿತಾಂಶ ಸಲ್ಲಿಸಿಲ್ಲ, ತಿಂಗಳ ಕೊನೆಗೆ ನೋಂದಣಿ ರದ್ದು. ಫಲಿತಾಂಶ ನಿಮ್ಮ ಕಿಟಕಿಯಲ್ಲೇ ಇತ್ತಲ್ಲ?

ನೋಟಿಸನ್ನು ಹಿಂತೆಗೆದುಕೊಳ್ಳಿ. ಹೊಸ ತಾಮ್ರಕ್ಕೆ ಎರಡು ವರ್ಷ ಕೊಡಿ, ಸಬೀರಾ ಮೇಡಂ ಅವರನ್ನು ಸಹಮಾರ್ಗದರ್ಶಕಿಯೆಂದು ಒಪ್ಪಿಕೊಳ್ಳಿ. ನೋಡಲೇಬೇಕೆಂದರೆ ಸಮಿತಿಯೇ ಕಳ್ಳಕವಟಗಿಗೆ ಬರಲಿ, ತಿಕೋಟಾ ದಾಟಿದರಾಯಿತು. ಯಾರನ್ನಾದರೂ ರದ್ದುಪಡಿಸದೆ ಕಡತ ಮುಗಿಯುವುದಿಲ್ಲ ಎಂದರೆ ನನ್ನ ಮಾರ್ಗದರ್ಶಕ ಮಾನ್ಯತೆಯನ್ನು ರದ್ದು ಮಾಡಿ. ಬೇಡವೆಂದು ಹೇಳಿದ್ದು ಅವಳೊಬ್ಬಳೇ.

ಇಂತಿ,
ಅವಳ ಮಾತು ಕೇಳದ ಗುರು,
ಸಂಗನಬಸವ
ಭೌತಶಾಸ್ತ್ರ ಅಧ್ಯಾಪಕ, ವಿಜಯಪುರ