ರಾಣಿಯ ಪೋಸ್ಟರಿಗೆ ಬ್ಯಾಡಗಿ ಹರಾಜು

ಬ್ಯಾಡಗಿ, 12-2-1988

ಅತ್ತಿಗೆಗೆ ನಮಸ್ಕಾರ. ಸೀನುತ್ತಲೇ ಬರೆಯುತ್ತಿದ್ದೇನೆ, ಈ ಊರಿನ ಗಾಳಿಗೇ ಮೆಣಸಿನಕಾಯಿ ಘಾಟು. ಮೂಗೊಂದು ಬಿಟ್ಟರೆ ಆರೋಗ್ಯವಾಗಿದ್ದೇನೆ.

ಮುಚ್ಚಿಹೋದ ಟೆಂಟ್ ಸಿನಿಮಾದ ಪೋಸ್ಟರುಗಳನ್ನು ಇವತ್ತು ಕಟ್ಟುಕಟ್ಟಾಗಿ ಹರಾಜು ಹಾಕಿದರು. ಒಂದು ಕಟ್ಟಿನ ಮೇಲೆ ನಾನು ವರ್ಷಗಟ್ಟಲೆ ಹುಡುಕಿದ, ಕುದುರೆಯೇರಿದ ರಾಣಿ! ಎದ್ದುನಿಂತು "ನಲವತ್ತು ರೂಪಾಯಿ" ಎಂದು ಕೂಗಿಬಿಟ್ಟೆ. ಟೆಂಟಿನ ಮಾಲೀಕ ಶಮಶೇರಸಾಬರು ಹಣೆ ಚಚ್ಚಿಕೊಂಡರು.

"ಹಂಗ ಒದರಬಾರದ್ರೀ! ಮೆಣಸಿನಕಾಯಿಗೆ ಮಾಡಿದಂಗ ಚೀಟ್ಯಾಗ ರೇಟು ಬರೆದು, ಗುಟ್ಟಾಗಿ ಡಬ್ಬಿಗೆ ಹಾಕಬೇಕು."

ಕೂಗಿದ ಬೆಲೆ ತಿದ್ದುವಂತಿಲ್ಲವಂತೆ. ಮೆಣಸಿನಕಾಯಿ ವ್ಯಾಪಾರಿ ಹಾಲಸಿದ್ದಪ್ಪ ನಲವತ್ತೊಂದು ಬರೆದು ಕಟ್ಟನ್ನು ಹೊತ್ತೊಯ್ದ. ಅಂಗಡಿಗೇ ಹೋಗಿ ಅಂಗಲಾಚಿದೆ.

"ಗಿರಾಕಿಗೆ ಪೊಟ್ಟಣ ಕಟ್ಟಾಕ ತಂದೇನ್ರಿ. ನಾ ಹಾಳಿ ಮಾರೂದಿಲ್ಲ, ಮೆಣಸಿನಕಾಯಿ ಮಾರ್ತೀನಿ" ಎಂದ.

"ಹಾಗಾದರೆ ಎರಡು ಕೆಜಿ ಕೊಡಿ, ಆ ರಾಣಿಯಲ್ಲೇ ಕಟ್ಟಿ" ಎಂದೆ. ನಗುತ್ತ ಕಟ್ಟಿಕೊಟ್ಟ.

ಮತ್ತೆ ಹಳೇ ಕಾಗದ ತಂದರೆ ಒಲೆಗೆ ಹಾಕುತ್ತೇನೆ ಎಂದಿದ್ದಿರಲ್ಲ, ಈ ಸಲ ಬರೀ ಮೆಣಸಿನಕಾಯಿ ತರುತ್ತಿದ್ದೇನೆ. ಪೊಟ್ಟಣ ಮಾತ್ರ ನಾನೇ ಬಿಚ್ಚುತ್ತೇನೆ. ರೈಲಿಗೆ ಹೊತ್ತಾಯಿತು.

ನಿಮ್ಮ ಮೈದುನ
ನಂಜುಂಡಸ್ವಾಮಿ