ನಮೂನೆಯ ಒಂಬತ್ತನೆಯ ಅಂಕಣ

ಮನೆಯಿಂದ,
ಮಾರ್ಚ್ ೧೪, ಗುರುವಾರ, ಮಧ್ಯಾಹ್ನ

ಪ್ರೀತಿಯ ಮಗನೇ,

ಕ್ಷೇಮವಾಗಿರುವೆಯೆಂದು ಭಾವಿಸುತ್ತೇನೆ. ಬಂದರಿನಲ್ಲಿ ನೀನು ನಡೆಸುವ ಕ್ರೇನು ಬಹಳ ಎತ್ತರವೆಂದೂ ಅಲ್ಲಿ ಗಾಳಿ ಹೆಚ್ಚೆಂದೂ ನಿನ್ನ ಅಕ್ಕ ಹೇಳುತ್ತಿದ್ದಳು. ಕಿವಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ಮರೆಯಬೇಡ. ಚಿಕ್ಕಂದಿನಲ್ಲಿ ನಿನಗೆ ಕಿವಿನೋವು ಬರುತ್ತಿತ್ತು. ನನ್ನ ಮಂಡಿ ಇದ್ದ ಹಾಗೆಯೇ ಇದೆ. ನಿನ್ನ ತಾಯಿ ಆರೋಗ್ಯವಾಗಿದ್ದಾಳೆ. ಎರಡು ದಿನಗಳಿಂದ ನನ್ನೊಡನೆ ಹೆಚ್ಚು ಮಾತಿಲ್ಲ. ಅದರ ಕಾರಣವೂ ಈ ಪತ್ರದಲ್ಲಿ ಬರುತ್ತದೆ. ಹನ್ನೆರಡು ವರ್ಷಗಳ ಮೇಲೆ ಬರೆಯುತ್ತಿರುವುದರಿಂದ ಎಲ್ಲವನ್ನೂ ಕ್ರಮವಾಗಿ ಹೇಳುತ್ತೇನೆ.

ನಿನ್ನ ಅಕ್ಕನ ಮಗಳು ಪುಟ್ಟಿಗೆ ಈಗ ಹನ್ನೊಂದು ವರ್ಷ. ಓದುವುದರಲ್ಲಿ ಚುರುಕು, ಮಾತಿನಲ್ಲಿ ನಿನ್ನ ತಾಯಿಯನ್ನೂ ಮೀರಿಸುತ್ತಾಳೆ. ಬರೆಯಲು ಕೂತರೆ ಮಾತ್ರ ಪೆನ್ಸಿಲ್ ಮುರಿಯುತ್ತದೆ, ಇಲ್ಲವೇ ಕಾಗದ ಹರಿಯುತ್ತದೆ. ಆಸ್ಪತ್ರೆಯ ಪ್ರಮಾಣಪತ್ರ ತಂದರೆ ಪರೀಕ್ಷೆಯಲ್ಲಿ ಉತ್ತರಗಳನ್ನು ಬಾಯಿಯಲ್ಲಿ ಹೇಳಬಹುದು, ತರದಿದ್ದರೆ ಇದೇ ತರಗತಿಯಲ್ಲಿ ಇನ್ನೊಂದು ವರ್ಷ, ಎಂದು ಶಾಲೆಯವರು ತಿಳಿಸಿದ್ದಾರೆ. ನಿನ್ನ ಅಕ್ಕನಿಗೆ ರಜೆ ಸಿಗಲಿಲ್ಲವಾಗಿ ಮಂಗಳವಾರ ನಾನೂ ನಿನ್ನ ತಾಯಿಯೂ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಪರೀಕ್ಷಿಸಿದ ವೈದ್ಯೆ ನನ್ನ ಕೊನೆಯ ವರ್ಷದ ವಿದ್ಯಾರ್ಥಿಗಳ ವಯಸ್ಸಿನವಳು. ಮೊದಲು ಪುಟ್ಟಿಯಿಂದ ಒಂದು ಕಥೆ ಹೇಳಿಸಿದಳು. ಬಸ್ಸಿನ ಮಾಡಿನ ಮೇಲೆ ಕೂತು ಊರು ಸುತ್ತಿದ ಬೆಕ್ಕಿನ ಕಥೆ, ಕಾಲು ಗಂಟೆ ನಡೆಯಿತು. ಬೆಕ್ಕಿಗೆ ಟಿಕೆಟ್ ಕೊಡಬೇಕೇ ಬೇಡವೇ ಎಂದು ಕಂಡಕ್ಟರ್ ಪಟ್ಟ ಪೇಚಾಟಕ್ಕೆ ವೈದ್ಯೆಯೂ ನಕ್ಕಳು. ಅದನ್ನೇ ಬರೆಯೆಂದಾಗ ಇಪ್ಪತ್ತು ನಿಮಿಷಗಳಲ್ಲಿ ಕಾಗದದ ಮೇಲೆ ಬಂದದ್ದು ‘ಬೆಕ್ಕು ಹತ್ತಿತು’ ಎಂಬ ಎರಡು ಪದಗಳು. ಮಗು ಮಣಿಕಟ್ಟನ್ನು ಕೊಡವಿಕೊಳ್ಳುತ್ತ ಕೂತಿತು. “ತಲೇಲಿ ಎಲ್ಲ ಇದೆ ಮೇಷ್ಟ್ರೇ, ಕೈಗೆ ಬರೋ ದಾರೀಲಿ ಕಳೆದುಹೋಗುತ್ತೆ,” ಎಂದಳು ವೈದ್ಯೆ. ನನಗೆ ಏನೂ ಅನ್ನಿಸಲಿಲ್ಲ. ಗೋಡೆಯ ಗಡಿಯಾರ ನಾಲ್ಕು ನಿಮಿಷ ಹಿಂದಿತ್ತು, ಅದನ್ನೇ ನೋಡುತ್ತಿದ್ದೆ.

ನಿನ್ನ ತಾಯಿ ಪುಟ್ಟಿಯನ್ನು ಹೊರಗೆ ಕರೆದುಕೊಂಡು ಹೋದಳು. ನನ್ನ ಕೈಗೆ ಒಂದು ನಮೂನೆ ಬಂತು. ಅದರಲ್ಲಿದ್ದ ಎರಡು ಅಚ್ಚಿನ ತಪ್ಪುಗಳನ್ನು ತಿದ್ದಿದ ನಂತರವೇ ಭರ್ತಿ ಮಾಡಿದೆ. “ಪ್ರಶ್ನೆಗಳನ್ನ ಬಿಡಿ, ಉತ್ತರ ಬರೀರಿ,” ಎಂದಳು ವೈದ್ಯೆ. ಒಂಬತ್ತನೆಯ ಅಂಕಣದಲ್ಲಿ, ಕುಟುಂಬದಲ್ಲಿ ಬೇರೆ ಯಾರಿಗಾದರೂ ಬರವಣಿಗೆಯ ತೊಂದರೆ ಇತ್ತೇ ಎಂದು ಕೇಳಿತ್ತು. ‘ಇಲ್ಲ’ ಎಂದು ದುಂಡಗೆ ಬರೆದೆ. ಅದನ್ನು ಓದಿ ವೈದ್ಯೆ ಹಿಂಜರಿದಳು. ಮೂರು ಶಾಲೆ ಬದಲಾಯಿಸಿದ ಮಗು, ಮನೆತನದಲ್ಲಿ ಯಾರಿಗೂ ಇಲ್ಲ, ಅಭ್ಯಾಸ ಸಾಲದೆಯೂ ಹೀಗಾಗಬಹುದು, ಆರು ತಿಂಗಳು ಬರೆಸಿ ಮತ್ತೆ ನೋಡೋಣ ಎಂದಳು.

ಅಲ್ಲಿಂದ ಕಡತ ದಾಖಲೆ ವಿಭಾಗಕ್ಕೆ ಹೋಗುತ್ತದೆ. ವೈದ್ಯರು ಬರೆದ ಪ್ರತಿಯೊಂದು ಕಾಯಿಲೆಗೂ ಒಂದು ಸಂಖ್ಯೆ ಹಾಕುವುದೇ ಅಲ್ಲಿಯ ಹೆಂಗಸಿನ ಕೆಲಸ. ಕನ್ನಡಕವನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದಳು. ಬರವಣಿಗೆಯ ದೋಷಕ್ಕೆ ಎಫ್ ೮೧.೮೧. ಪುಟ್ಟಿಗೆ ಹಾಕಿದ್ದು ಎಫ್ ೮೧.೯, ಕಲಿಕೆಯಲ್ಲಿ ಏನೋ ತೊಂದರೆಯಿದೆ, ಏನೆಂದು ನಿರ್ದಿಷ್ಟವಾಗಿಲ್ಲ ಎಂದು ಅದರ ಅರ್ಥ. ಶಾಲೆ ಇದನ್ನು ಒಪ್ಪುವುದಿಲ್ಲ. ಮಗುವಿನ ಕಾಗದ ತೋರಿಸಿ ವಾದಿಸಿದೆ. ಅವಳು ಕನ್ನಡಕ ಏರಿಸಿ ತಾಳ್ಮೆಯಿಂದ ನೋಡಿದಳು. “ಕಡತದಲ್ಲಿ ಬರೆದಿರೋದಕ್ಕಷ್ಟೇ ನಾನು ಸಂಖ್ಯೆ ಹಾಕೋದು ಮೇಷ್ಟ್ರೇ. ಬರೆದಿಲ್ಲ ಅಂದ್ರೆ ನನ್ನ ಪಾಲಿಗೆ ಅದು ನಡೆದೇ ಇಲ್ಲ.” ನಲವತ್ತು ವರ್ಷ ನಾನೂ ಉತ್ತರಪತ್ರಿಕೆಗಳಿಗೆ ಹೀಗೆಯೇ ಅಂಕ ಹಾಕಿದವನು. ಕಾಗದ ಮಡಿಸಿಕೊಂಡು ಹೊರಬಂದೆ.

ಹೊರಗಿನ ಬೆಂಚಿನಲ್ಲಿ ನಿನ್ನ ತಾಯಿ ನಮೂನೆಯ ಪ್ರತಿಯನ್ನು ಓದಿದಳು. “ನಮ್ಮನೇಲೇ ಒಬ್ಬ ಇದ್ದನಲ್ಲ, ಅವನನ್ನ ಯಾಕೆ ಬರೀಲಿಲ್ಲ?” ಅವನದು ಸೋಮಾರಿತನವೆಂದೆ. “ಅದು ನೀವು ಇಟ್ಟ ಹೆಸರು,” ಎಂದಳು. ಮನೆ ಮುಟ್ಟಿದೆವು. ಕಾಲು ತೊಳೆದು ಬಂದವಳು ಸೀರೆಗಳ ಅಡಿಯಿಂದ ಒಂದು ಲಕೋಟೆಯನ್ನು ತೆಗೆದು ನನ್ನ ಮೇಜಿನ ಮೇಲಿಟ್ಟಳು. ನಿನ್ನ ಪತ್ರಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಅಡಿಯಲ್ಲಿ ಅಂಕ ಕೊಟ್ಟು, ಮರು ಟಪಾಲಿಗೆ ನಿನಗೇ ಹಿಂದಿರುಗಿಸುವುದು ನನ್ನ ಪದ್ಧತಿಯಾಗಿತ್ತಷ್ಟೆ. ಕೊನೆಯದನ್ನು ಅವಳು ಟಪಾಲಿಗೆ ಹಾಕದೆ ಮುಚ್ಚಿಟ್ಟಿದ್ದಳು. ಮೂವತ್ತೊಂದು ಕೆಂಪು ಗುರುತುಗಳಿದ್ದವು. ಹತ್ತಕ್ಕೆ ಎರಡು ಕೊಟ್ಟಿದ್ದೆ. ಪತ್ರದಲ್ಲಿ ಮಗ ಏನು ಬರೆದಿದ್ದ ಹೇಳಿ ಎಂದು ಕೇಳಿದಳು. ನನಗೆ ತಿಳಿಯದು. ತಪ್ಪುಗಳೆಲ್ಲ ಜ್ಞಾಪಕಕ್ಕೆ ಬಂದವು.

ಇಷ್ಟೇ ಸಮಾಚಾರ. ಹೊತ್ತಿಗೆ ಸರಿಯಾಗಿ ಊಟ ಮಾಡು. ಎತ್ತರದಿಂದ ಇಳಿಯುವಾಗ ನಿಧಾನವಾಗಿ ಇಳಿ. ನಿನ್ನ ತಾಯಿ ಆಶೀರ್ವಾದ ತಿಳಿಸಿದ್ದಾಳೆ. ಪುಟ್ಟಿ, ತಾನು ಇನ್ನೂ ನೋಡದ ಮಾಮನಿಗೆ, ಬೆಕ್ಕಿನ ಕಥೆಯನ್ನು ಎದುರಿಗೇ ಹೇಳಬೇಕಂತೆ.

ಇತಿ,
ನಿನ್ನ ತಂದೆ

ತಾ. ಕ.: ಲಕೋಟೆ ಅಂಟಿಸುವ ಮೊದಲು ನಿನ್ನ ಪತ್ರವನ್ನು, ಕೈಯಲ್ಲಿ ಪೆನ್ನು ಹಿಡಿಯದೆ, ಓದಿದೆ. ಬರೆದರೆ ಕೈ ನೋಯುತ್ತದೆ, ಹೇಳಬೇಕಾದ್ದು ತಲೆಯಲ್ಲಿ ಸರಿಯಾಗಿಯೇ ಇರುತ್ತದೆ, ಇದೊಂದನ್ನು ವಾಪಸು ಕಳಿಸಬೇಡಿ ಅಪ್ಪಾ, ಎಂದು ಬರೆದಿದ್ದೀಯೆ. ವೈದ್ಯೆಗೆ ಫೋನಿನಲ್ಲಿ ತಿಳಿಸಿದೆ. ನಿನ್ನ ಆ ಪತ್ರವನ್ನು ನೋಡಿ, ನಿನ್ನ ಮಾತನ್ನೂ ಕೇಳಿದರೆ, ಮುಂದಿನ ಶುಕ್ರವಾರದೊಳಗೆ ಪುಟ್ಟಿಯ ಕಡತವನ್ನು ಮತ್ತೆ ತೆರೆಯುತ್ತಾಳಂತೆ. ಒಂಬತ್ತನೆಯ ಅಂಕಣಕ್ಕೆ ಹೊಸ ನಮೂನೆ ತಂದಿಟ್ಟಿದ್ದೇನೆ. ‘ಮಗ’ ಎಂದಷ್ಟೇ ಬರೆದಿದ್ದೇನೆ. ನಿನ್ನನ್ನು ಕೇಳದೆ ಮುಂದೆ ಬರೆಯುವ ಅಧಿಕಾರ ನನಗಿಲ್ಲ. ನಾನು ಕರೆ ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ತಾಯಿಯ ಫೋನಿಗೆ ನೀನೇ ಮಾಡು. ಉತ್ತರ ಬರೆಯುವುದು ಬೇಡ. ನೀನು ಹೇಳು, ನಾನು ಬರೆದುಕೊಳ್ಳುತ್ತೇನೆ. ಒಂದಕ್ಷರವನ್ನೂ ತಿದ್ದುವುದಿಲ್ಲ.