ಟೈರ್ ಅಂಗಡಿಯ ಫೋನು

ಮಾರ್ಚ್ 3, ಸೋಮವಾರ

ನಾಲ್ಕರಿಂದ ಐದರೊಳಗೆ ನಮ್ಮ ಡ್ರೈವ್-ಥ್ರೂ ಕಾಫಿ ಅಂಗಡಿಗೆ ನಲವತ್ತೊಂದು ಕಾರು. ಫೋನ್ ಕಿವಿಗೆ ಅಂಟಿಸಿಕೊಂಡೇ ಬಂದವರು ಇಪ್ಪತ್ತೇಳು. ಎಣಿಸಿದೆ. ಹಲ್ಲು ಕಚ್ಚಿ ನಿಲ್ಲೋಕೆ ಏನಾದರೂ ಬೇಕಲ್ಲ.

ಒಬ್ಬ ಕಾರಲ್ಲೇ ಕೂತು ಆರ್ಡರ್ ಹೇಳೋ ಮೈಕಿನ ಮುಂದೆ "ಬೇಡ ಬೇಡ, ಅದನ್ನ ಕ್ಯಾನ್ಸಲ್ ಮಾಡಿ" ಅಂದ. ಮಾಡಿದೆ. ಕಿಟಕಿಗೆ ಬಂದು ಕಾಫಿ ಎಲ್ಲಿ ಅಂತ ಜಗಳ. ಕ್ಯಾನ್ಸಲ್ ಅಂದಿದ್ದು ಫೋನಿಗಂತೆ.

ಆರು ವರ್ಷ ಕಾಫಿ ಕಿಟಕಿಯಲ್ಲಿ ನಿಂತು ಒಂದು ವಿದ್ಯೆ ಕಲಿತಿದ್ದೀನಿ. ಮುಖ ನೋಡಿದರೆ ಸಾಕು, ಫೋನಿನ ಆ ಕಡೆ ಯಾರು ಅಂತ ಹೇಳ್ತೀನಿ. ಬಾಸ್ ಆದರೆ ಬೆನ್ನು ನೆಟ್ಟಗಾಗತ್ತೆ. ಅಮ್ಮ ಆದರೆ ಕಣ್ಣು ಮೇಲಕ್ಕೆ ಹೋಗತ್ತೆ. ಹೆಂಡತಿ ಆದರೆ ಬರೀ "ಹ್ಞೂ". ಮತ್ತಿನ್ಯಾರೋ ಆದರೆ — ಮುಖವೆಲ್ಲ ಸಡಿಲ, ಸುಮ್ಮಸುಮ್ಮನೆ ನಗು. ಅದನ್ನ ಕಂಡರೇ ಹೊಟ್ಟೆ ಉರಿಯತ್ತೆ. ಬಿಸಿ ಕಪ್ ಹಿಡಿದು ನಿಂತವಳು ನಾನು. ನಗು ಇನ್ಯಾರಿಗೋ.

ಮಾರ್ಚ್ 6, ಗುರುವಾರ

ಇವರು ಆರಕ್ಕೇ ಮನೆ ಬಿಟ್ಟು, ಪಾರ್ಕಲ್ಲಿ ವಾಕಿಂಗ್ ಮುಗಿಸಿ ಕೆಲಸಕ್ಕೆ ಹೋಗೋದು. ಹೊರಟ ಮೇಲೆ ದೊಡ್ಡಕ್ಕನ ಫೋನ್, ಅಂಗಡಿಯಲ್ಲಿ ಎಲ್ಲರೂ ಅವಳನ್ನ ಕರೆಯೋದೇ ಹಾಗೆ. ಬೆಳಗಿನ ಪಾಳಿ ಅವಳದು, ಮಧ್ಯಾಹ್ನದ್ದು ನನ್ನದು. ಮಂಡಿಗೆ ಎಕ್ಸ್‌ರೇ ತೆಗೆಸಬೇಕು, ಇವತ್ತೊಂದಿನ ನೀನು ನಿಂತುಬಿಡು ಅಂದಳು. ಹೋದೆ.

ಏಳೂವರೆ. ಮೈಕಲ್ಲಿ ಒಂದು ದನಿ: "ಒಂದು ಕಾಫಿ, ಸಕ್ಕರೆ ಬೇಡ." ಗುರುತಿನ ದನಿ. ಅದೇ ಉಸಿರಲ್ಲಿ, "ಇರು ಬಂಗಾರಿ, ಇಟ್ಟುಬಿಡಬೇಡ."

ಬಂಗಾರಿ. ಮದುವೆಯಾಗಿ ಮೂರು ವರ್ಷ. ನನ್ನನ್ನ ಕರೆಯೋದು "ಏ", "ಇವಳೇ". ತುಂಬಾ ಖುಷಿಯಾದರೆ "ಮಾರಾಯ್ತಿ".

ಕಾರು ಕಿಟಕಿಗೆ ಬಂತು. ನಮ್ಮದೇ. ಬಾಗಿಲ ಮೇಲಿನ ಗೀರು ನಾನು ಹಾಕಿದ್ದು. ಫೋನನ್ನ ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು ಕೈ ಚಾಚಿದರು. ಕಪ್ ಕೊಟ್ಟೆ. ಬೆರಳು ತಾಗಿತು.

"ಥ್ಯಾಂಕ್ಯೂ ಮೇಡಂ" ಅಂದರು ನನ್ನ ಗಂಡ.

ತಿರುಗಿ ನೋಡಲಿಲ್ಲ. ನಗ್ತಾನೇ ಹೋದರು. ಆ ನಗು ನಮ್ಮನೆ ಹೊಸ್ತಿಲು ದಾಟಿ ಬಂದಿದ್ದೇ ಇಲ್ಲ.

ಸಂಜೆ ಕೇಳಿದೆ, "ಬೆಳಿಗ್ಗೆ ಕಾಫಿ ಎಲ್ಲಿ ಕುಡಿದ್ರಿ?"

"ಆಫೀಸಲ್ಲಿ."

ಮಾರ್ಚ್ 7, ಶುಕ್ರವಾರ

ದೊಡ್ಡಕ್ಕನನ್ನ ವಿಚಾರಿಸಿದೆ. ಯಾರು ಅಂತ ಹೇಳಲಿಲ್ಲ, ಗೀರು ಬಿದ್ದ ಬಿಳಿ ಕಾರು ಅಂದೆ ಅಷ್ಟೇ.

"ಓ, ಅವರಾ? ದಿನಾ ಬರ್ತಾರೆ. ಫೋನ್ ಕೆಳಗಿಟ್ಟಿದ್ದೇ ನಾನು ನೋಡಿಲ್ಲ. ಮನೇಲಿ ಹೆಂಡ್ತಿ ಅಂದ್ರೆ ಪ್ರಾಣ ಇರಬೇಕು ಕಣೇ."

ಇರಬೇಕು ಅಂದೆ.

ಮಾರ್ಚ್ 13, ಗುರುವಾರ

ಐದು ದಿನ ಏನೂ ಬರೆದಿಲ್ಲ. ಬರೆಯೋ ಅಂಥದ್ದು ಮಾಡಿಲ್ಲ.

ಫೋನಲ್ಲಿ ನಗ್ತಾ ಬಂದವರಿಗೆಲ್ಲ ಮುಚ್ಚಳ ಸಡಿಲ ಬಿಟ್ಟು ಕೊಟ್ಟೆ. ಇವತ್ತು ಒಬ್ಬಳ ಮಡಿಲಿಗೆ ಚೆಲ್ಲಿತು. ತೊಡೆ ಸುಟ್ಟಿತೋ ಏನೋ, ಫೋನ್ ಬಿಸಾಕಿ ಅತ್ತೇಬಿಟ್ಟಳು. ಫೋನಿನೊಳಗಿಂದ ಯಾರೋ "ಏನಾಯ್ತಮ್ಮಾ, ಏನಾಯ್ತು" ಅಂತಾನೇ ಇದ್ದರು. ಮುದುಕಿ ದನಿ.

ಟಿಶ್ಯೂ ಕೊಟ್ಟೆ, ತಣ್ಣೀರು ಕೊಟ್ಟೆ. ಮ್ಯಾನೇಜರ್ ಮುಂದೆ ತಲೆ ತಗ್ಗಿಸಿದೆ. ಇನ್ನೊಂದು ಸಲ ಹೀಗಾದರೆ ಕಿಟಕಿಯಿಂದ ತೆಗೀತೀನಿ ಅಂದರು. ನ್ಯಾಯವೇ.

ಆ ನಗು ನೋಡಿ ಮತ್ತಿನ್ಯಾರೋ ಅಂದುಕೊಂಡಿದ್ದೆ, ಆ ಕಡೆ ಇದ್ದದ್ದು ಅವಳ ಅಮ್ಮನೋ ಅಜ್ಜಿಯೋ. ನನ್ನ ವಿದ್ಯೆ ಅಷ್ಟೇ.

ಮಾರ್ಚ್ 15, ಶನಿವಾರ

ಇವರು ಸ್ನಾನಕ್ಕೆ ಹೋದರು. ಫೋನ್ ಮೇಜಿನ ಮೇಲಿತ್ತು. ತೆಗೆದೆ. ದಿನಾ ಬೆಳಿಗ್ಗೆ ಏಳೂ ಇಪ್ಪತ್ತೈದಕ್ಕೆ ಒಂದೇ ಹೆಸರು — "ಟೈರ್ ಅಂಗಡಿ". ಟೈರ್ ಅಂಗಡಿಯವರ ಜೊತೆ ದಿನಾ ಇಪ್ಪತ್ತು ನಿಮಿಷ. ಒತ್ತೇಬಿಟ್ಟೆ.

"ಅಪ್ಪಾ, ಹಲ್ಲು ಬಿತ್ತು. ಫೋಟೋ ಕಳಿಸ್ಲಾ?"

ಚಿಕ್ಕ ಹುಡುಗಿಯ ದನಿ.

"ಅಪ್ಪಾ...?" ಆಮೇಲೆ ದನಿ ಇಳಿಸಿ, ಪಿಸುಪಿಸು, "ಅವರು ಪಕ್ಕದಲ್ಲಿದಾರಾ? ಸರಿ ಸರಿ, ಇಡ್ತೀನಿ."

ಅವರು ಅಂದರೆ ನಾನು.

ಮೊದಲನೇ ಹೆಂಡತಿಯ ಮಗಳು. ಏಳು ವರ್ಷವೋ ಎಂಟೋ. ಕೇಳಿಯೇ ಇಲ್ಲ ನಾನು. ಮದುವೆಗೆ ಮುಂಚೆ ಹೇಳಿದ್ದೆ, "ಆ ಮನೆಯ ಫೋನು ಈ ಮನೆಯೊಳಗೆ ಬರಬಾರದು." ಆಗಲಿ ಅಂದಿದ್ದರು. ಮಾತು ತಪ್ಪಿಲ್ಲ. ಮನೆಯೊಳಗೆ ಬಂದಿಲ್ಲ.

ಹೆಂಗಸಾಗಿದ್ದರೆ ಜುಟ್ಟು ಹಿಡಿದು ಜಗಳ ಆಡಬಹುದಿತ್ತು. ಹಾಲುಹಲ್ಲು ಬಿದ್ದ ಮಗುವಿನ ಹತ್ತಿರ ಏನು ಜಗಳ? ಹೊಟ್ಟೆಕಿಚ್ಚು ಆರಬೇಕಿತ್ತು. ಆರಲಿಲ್ಲ. ಜಾಸ್ತಿ ಆಯ್ತು. ಬರೆಯೋಕೂ ನಾಚಿಕೆ.

ಮಾರ್ಚ್ 16, ಭಾನುವಾರ

ಊಟಕ್ಕೆ ಕೂತಾಗ ಅಂದೆ, "ಟೈರ್ ಅಂಗಡಿಗೆ ಹಲ್ಲು ಬಿತ್ತಂತೆ."

ತುತ್ತು ಅರ್ಧದಲ್ಲೇ ನಿಂತಿತು. ಅದನ್ನ ತಟ್ಟೆಗೆ ಇಳಿಸಿ, "ನೀನೇ ಹೇಳಿದ್ದೆಯಲ್ಲ."

"ಹೇಳಿದ್ದೆ. ಅದಕ್ಕೆ ನನ್ನ ಅಂಗಡಿಗೇ ಬಂದು ಮಾತಾಡಬೇಕಿತ್ತಾ?"

"ದಾರೀಲಿರೋದು ಅದೊಂದೇ. ನೀನು ಬೆಳಿಗ್ಗೆ ಇರಲ್ಲ ಅಂತ..."

"ಒಂದಿನ ಇದ್ದೆ. ಕಪ್ ಕೊಟ್ಟೆ. ಮೇಡಂ ಅಂದ್ರಿ."

ನನ್ನ ಮುಖವನ್ನೇ ನೋಡಿದರು. ಎಷ್ಟೋ ದಿನಕ್ಕೆ.

"ದೇವರಾಣೆ ನೋಡಲಿಲ್ಲ ಕಣೇ."

"ಗೊತ್ತು ರೀ. ನನಗೆ ಉರಿದದ್ದು ಅದೇ."

ತಟ್ಟೆ ತೊಳೀತಾ ಬೆನ್ನು ಹಾಕಿಕೊಂಡೇ ಹೇಳಿದೆ. ಮುಂದಿನ ಭಾನುವಾರ ಅವಳನ್ನ ಕರ್ಕೊಂಡು ಬನ್ನಿ. ಮನೆಗೆ ಬೇಡ, ಅಂಗಡಿಗೆ. ನಡುವೆ ಒಂದು ಕಿಟಕಿ ಇರಲಿ.

ಮಾರ್ಚ್ 23, ಭಾನುವಾರ, ಸಂಜೆ 5.10

ಸ್ಟೋರ್ ರೂಮು. ಹತ್ತು ನಿಮಿಷ ಬ್ರೇಕ್.

ಬಂದರು. ಮಗಳು ಮುಂದಿನ ಸೀಟಲ್ಲಿ ಕೂತಿದ್ದಳು. ನಾನು ಕೂರೋ ಜಾಗ. ನನ್ನ ಕಾಲಿಗೆ ಅಂತ ಹಿಂದಕ್ಕೆ ತಳ್ಳಿದ್ದ ಸೀಟನ್ನ ಮುಂದಕ್ಕೆ ಎಳೆದಿದ್ದರು. ಅದೂ ಚುಚ್ಚಿತು. ಎಂಥ ಹೆಂಗಸು ನಾನು.

ಇವರ ಫೋನ್ ಎಲ್ಲೂ ಕಾಣಲಿಲ್ಲ. ಎರಡು ಕೈಯೂ ಸ್ಟೀರಿಂಗ್ ಮೇಲೆ, ಪರೀಕ್ಷೆಗೆ ಕೂತವರ ಹಾಗೆ. ಮಗು ಬಗ್ಗಿ ನನ್ನನ್ನೇ ನೋಡಿತು. ಬಾಯಿ ಮುಚ್ಚಿಕೊಂಡು ನಕ್ಕಿತು.

"ಅಪ್ಪ ದಿನಾ ಇಲ್ಲಿಂದಾನೇ ಮಾತಾಡೋದು. ನಿಮಗೆ ಗೊತ್ತಾಗ್ಲೇ ಇಲ್ವಾ?"

"ಇಲ್ಲ."

"ಈಗ ಬೈತೀರಾ?"

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಚಾಕೊಲೇಟ್ ಹಾಲಿನ ಕಪ್ ಕೊಟ್ಟೆ. ಮುಚ್ಚಳ ಎರಡು ಸಲ ಒತ್ತಿ ನೋಡಿದೆ. ಪಕ್ಕದಲ್ಲಿ ಗಾಡಿ ಹಾಕಿ, ಬರ್ತೀನಿ ಅಂದೆ. ಬಂದು ಇಲ್ಲಿ ಕೂತಿದ್ದೀನಿ.

ಇಲ್ಲಿನ ಸಣ್ಣ ಗಾಜಿನಿಂದ ಕಾರು ಕಾಣತ್ತೆ. ಇಳಿದಳು. ಕಪ್ ಎರಡು ಕೈಲಿ ಹಿಡಿದಿದ್ದಾಳೆ. ಇವರೇನೋ ಹೇಳ್ತಿದಾರೆ, ತಲೆ ಆಡಿಸ್ತಿದಾಳೆ... ಹಿಂದಿನ ಬಾಗಿಲು ತೆಗೀತಿದಾಳೆ. ಹಿಂದೆ ಕೂರೋಕೆ. ಸೀಟು ನನಗೆ ಬಿಟ್ಟು.

ಅಯ್ಯೋ, ನಾನದನ್ನ ಕೇಳಿರಲಿಲ್ಲ. ಹೋಗಿ ಹೇಳಬೇಕು, ಅಲ್ಲೇ ಕೂತ್ಕೋ ಪುಟ್ಟಾ, ನಾನೇ ಹಿಂದೆ—